ರಕ್ತ ನಿಂತರೆ ಬೆದೆ ಮುಗಿದಂತಲ್ಲ

ಕೋಲಾರ, ಚಿಂತಾಮಣಿ ಕಡೆ ಹಸು ಕಟ್ಟಿದ ಮನೆಯವರಿಗೆ ಬೆದೆಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಗಾಜಿನಂಥ ಲೋಳೆ ಇಳಿಯುತ್ತದೆ. ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ಬೆದೆ ದಾಟಿತು, ಗಬ್ಬಕ್ಕೆ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸುವ ಹೊತ್ತು ಕಳೆಯಿತು ಎಂದರ್ಥ. ಇದೇ ಲೆಕ್ಕವನ್ನು ಹೆಣ್ಣುನಾಯಿಗೂ ಹಿಡಿದರೆ ಎಡವುತ್ತೇವೆ.

ನಾಯಿಯಲ್ಲಿ ರಕ್ತ ಬರುವುದು ಮೊದಲು. ಸುಮಾರು 9 ದಿನ ಯೋನಿ ಊದಿರುತ್ತದೆ, ರಕ್ತ ತೊಟ್ಟಿಕ್ಕುತ್ತದೆ, ಗಂಡುನಾಯಿಗಳು ಸುತ್ತಿದರೂ ಅದು ಗುರ್ರೆಂದು ಓಡಿಸುತ್ತದೆ. ಆಮೇಲೆ ರಕ್ತ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಊತ ಮೆದುವಾಗುತ್ತದೆ, ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ. ಗಬ್ಬ ಕಟ್ಟುವುದು ಆಗಲೇ. ‘ರಕ್ತ ನಿಂತಿತಲ್ಲ’ ಎಂದು ಗೇಟು ತೆರೆಯುವುದೂ ಆಗಲೇ! ಕೆಲವು ನಾಯಿಗಳು ನೆಕ್ಕಿಕೊಂಡು ಚೊಕ್ಕಟವಾಗಿರುವುದರಿಂದ ರಕ್ತ ಕಾಣುವುದೇ ಇಲ್ಲ. ಮೊದಲ ಹನಿ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ 4 ವಾರ ಬಾಗಿಲಿರುವ ಕೋಣೆಯೊಳಗೇ ಇಡಿ. ಟೊಮೆಟೊ ತೋಟದ ಕಾವಲಿಗೆ ಸರಪಳಿಯಲ್ಲಿ ಕಟ್ಟಿಹಾಕುವುದು ಕಾಪಾಡಿದಂತಲ್ಲ. ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಜೋಡಿ ಗಂಟುಬಿದ್ದಿದ್ದರೆ ಎಳೆಯಬೇಡಿ, ಹೊಡೆಯಬೇಡಿ. ಎರಡಕ್ಕೂ ಒಳಗಾಯ ಆಗುತ್ತದೆ.

ಬೆದೆಯಲ್ಲಿರುವಾಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ಮರಿಯಾಗದಂತೆ ಮಾಡಿಸುವ ಆಪರೇಷನ್ನಿನಲ್ಲಿ ರಕ್ತಸ್ರಾವ ಹೆಚ್ಚು. ಆದ್ದರಿಂದ ಬೆದೆ ಮುಗಿದ 2–3 ತಿಂಗಳ ಮೇಲೆ ಮಾಡಿಸುವುದು ಒಳ್ಳೆಯದು. ನಡುವೆ ಮರಿಯಿಲ್ಲದೆಯೇ ಮೊಲೆ ತುಂಬಿ ಹಾಲು ಬಂದರೆ ಅದು ಸುಳ್ಳು ಗಬ್ಬ. ಹಾಲು ಬತ್ತುವವರೆಗೆ ಕಾಯಿರಿ. ಕಾಯಬಾರದ ಸಂದರ್ಭ ಒಂದಿದೆ. ಬೆದೆಯಾಗಿ ಒಂದೆರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿಯತೊಡಗಿ, ಊಟ ಬಿಟ್ಟು, ವಾಂತಿ ಮಾಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬರದಿದ್ದರೆ ಅಪಾಯ ಇನ್ನೂ ಹೆಚ್ಚು, ಅಂದೇ ಆಸ್ಪತ್ರೆಗೆ ಒಯ್ಯಿರಿ. ಬೆದೆ ತಡೆಯಲು ಹಾರ್ಮೋನ್ ಇಂಜೆಕ್ಷನ್ ಹಾಕಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಇದೇ ಕೀವಿನ ರೋಗಕ್ಕೂ ಮೊಲೆಯ ಗಡ್ಡೆಗೂ ಅದು ದಾರಿ ಮಾಡುತ್ತದೆ.

ಬೆಕ್ಕಿನ ದಾರಿಯೇ ಬೇರೆ. ರಕ್ತ ಬರುವುದಿಲ್ಲ. ರಾತ್ರಿಯಿಡೀ ಕೂಗುತ್ತದೆ, ನೆಲದ ಮೇಲೆ ಹೊರಳುತ್ತದೆ, ಬೆನ್ನು ಸವರಿದರೆ ಹಿಂಭಾಗ ಎತ್ತುತ್ತದೆ. ಹೊಟ್ಟೆನೋವೆಂದು ಓಮದ ನೀರು ಕುಡಿಸುವವರಿದ್ದಾರೆ, ದಯವಿಟ್ಟು ಬೇಡ. ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಕೂಡಿದ ಮೇಲೆ. ಕೂಡದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಅದೇ ಕೂಗು. 4–5 ತಿಂಗಳ ಮರಿಯೇ ಬೆದೆಗೆ ಬರಬಹುದು, ಮರಿಗೆ ಹಾಲುಣಿಸುತ್ತಿರುವ ತಾಯಿಯೂ ಗಬ್ಬವಾಗಬಹುದು. ಶಿಡ್ಲಘಟ್ಟದ ಕಡೆ ಇಲಿ ಕಾಟಕ್ಕೆಂದು ರೇಷ್ಮೆ ಮನೆಯ ಬಳಿ ಸಾಕಿದ ಒಂದು ಬೆಕ್ಕು ವರ್ಷ ತುಂಬುವುದರೊಳಗೆ ಹಿಂಡಾಗುವುದು ಹೀಗೆ.

ಆಪರೇಷನ್ನಿನ ಹಿಂದಿನ ರಾತ್ರಿ ಬೆಳೆದ ನಾಯಿ, ಬೆಕ್ಕುಗಳಿಗೆ ಊಟ ಬೇಡ. ಹೊಟ್ಟೆಯಲ್ಲಿ ಆಹಾರವಿದ್ದರೆ ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳೆಯ ಮರಿಗಳನ್ನು ಅಷ್ಟು ಹೊತ್ತು ಹಸಿವಿನಲ್ಲಿಡಬಾರದು, ಗಂಟೆಗಳನ್ನು ವೈದ್ಯರಲ್ಲೇ ಕೇಳಿ. ಆಮೇಲೆ 10–14 ದಿನ, ಗಾಯ ನೆಕ್ಕದಂತೆ ಹಾಕಿದ ಕೊರಳಪಟ್ಟಿ ತೆಗೆಯಬೇಡಿ, ಸ್ನಾನ ಬೇಡ, ಜಿಗಿತ ಬೇಡ. ದಿನಕ್ಕೆರಡು ಬಾರಿ ಹೊಲಿಗೆ ನೋಡಿ: ತುಸು ಕೆಂಪಗಿದ್ದರೆ ಸರಿ, ಹನಿಯುತ್ತಿದ್ದರೆ ಅಥವಾ ವಸಡು ಬಿಳುಚಿದ್ದರೆ ತಕ್ಷಣ ಹೊರಡಿ. ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿದ ರೇಷ್ಮೆ ಮನೆಯ ನೆಲದಲ್ಲಿ ಹಸಿ ಗಾಯದ ಬೆಕ್ಕು ಮಲಗದಿರಲಿ. ನೋವಿಗೆಂದು ಮನೆಯ ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.