ಭೋಸರಿಯ ಧೂಳಿಗೆ ಕಂಪ್ಯೂಟರ್ ಅಂಗಡಿಯ ರ‍್ಯಾಕ್ ಬೇಡ

ಪುಣೆಯ ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋಗಿ ಆಫೀಸಿನ ಸರ್ವರ್, ನೆಟ್‌ವರ್ಕ್ ಸಾಮಾನು ಇಡಲು ಒಂದು ರ‍್ಯಾಕ್ ಬೇಕು ಅನ್ನಿ. ಮುಂದೆ ಗಾಜಿನ ಬಾಗಿಲು, ನೆತ್ತಿಯ ಮೇಲೆ ಎರಡು ಫ್ಯಾನ್, ಗೋಡೆಗೆ ಹೊಡೆಯುವ ಒಂದು ಕಪ್ಪು ಡಬ್ಬಿ ತಂದಿಡುತ್ತಾರೆ. ಐಟಿ ಕಂಪನಿಗಳಿರುವ ಹಿಂಜವಡಿಯ ಎ.ಸಿ. ಆಫೀಸಿಗೆ ಅದು ಧಾರಾಳವಾಯಿತು. ಭೋಸರಿ ಎಂಐಡಿಸಿಯ, ಅಂದರೆ ಸರ್ಕಾರಿ ಕೈಗಾರಿಕಾ ಪ್ರದೇಶದ, ತಗಡಿನ ಶೆಡ್ಡಿನೊಳಗಿನ ಆಫೀಸಿಗೆ ಮಾತ್ರ ಅದಕ್ಕಿಂತ ಕೆಟ್ಟ ಸಾಮಾನು ಬೇರೆ ಇಲ್ಲ. ನಾನು ಧಾರವಾಡದ ಕಡೆಯವನು. ಇಲ್ಲಿನ ಸಣ್ಣ ಕಾರ್ಖಾನೆಗಳ ಸರ್ವರ್, ನೆಟ್‌ವರ್ಕ್, ಕ್ಯಾಮೆರಾ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಆ ಡಬ್ಬಿಗಳ ಬಾಗಿಲು ತೆಗೆದಾಗ ಒಳಗೆ ಏನಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇಲ್ಲಿನ ಧೂಳು ಮನೆಯ ಧೂಳಲ್ಲ. ಗ್ರೈಂಡಿಂಗ್‌ನಿಂದ ಏಳುವ ಬೀಡು ಕಬ್ಬಿಣದ ಪುಡಿ, ಅದರ ಮೇಲೆ ಸಿಎನ್‌ಸಿ ಎಂಬ ಕಂಪ್ಯೂಟರ್ ನಡೆಸುವ ಮಷೀನಿನಲ್ಲಿ ತಂಪಿಗೆ ಸುರಿಯುವ ಕೂಲಂಟ್ ದ್ರವದ ಹಬೆ. ಎರಡೂ ಕೂಡಿ ನೆಟ್‌ವರ್ಕ್ ಸ್ವಿಚ್ಚಿನ ಗಾಳಿ ಜಾಲರಿಯ ಮೇಲೆ ಕರಿ ಮೇಣದಂತೆ ಕೂರುತ್ತದೆ. ಬೆರಳಿಂದ ಒರೆಸಿ ಬೆಳಕಿಗೆ ಹಿಡಿದರೆ ಮಿಣಮಿಣ ಹೊಳೆಯುತ್ತದೆ. ಹೊಳೆಯುವುದು ಲೋಹ, ಲೋಹ ಅಂದಮೇಲೆ ಕರೆಂಟು ಹರಿಯುತ್ತದೆ. ಪವರ್ ಸಪ್ಲೈ ಬೋರ್ಡಿನ ಮೇಲೆ ಅದು ಕೂತರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನೆತ್ತಿಯ ಫ್ಯಾನ್ ಒಳಗಿನ ಬಿಸಿಗಾಳಿಯನ್ನು ಹೊರಗೆ ಎಳೆಯುತ್ತದೆ. ಎಳೆದಷ್ಟೂ ಗಾಳಿ ಬಾಗಿಲ ಸಂದಿ, ಕೇಬಲ್ ತೂತು, ಸ್ಕ್ರೂ ಹಾಕದೆ ಬಿಟ್ಟ ರಂಧ್ರ, ಎಲ್ಲಿಂದ ಸಿಕ್ಕರೆ ಅಲ್ಲಿಂದ ಒಳಗೆ ನುಗ್ಗುತ್ತದೆ, ಶೆಡ್ಡಿನ ಪುಡಿಯ ಸಮೇತ. ಸರ್ವರ್ ಗಾಳಿ ಎಳೆದುಕೊಳ್ಳುವುದು ಮುಂದಿನಿಂದ. ಅಲ್ಲಿ ಗಾಜು ಅಡ್ಡ. ಧೂಳಿಗೆ ದಾರಿ, ಗಾಳಿಗೆ ಗೋಡೆ!

ಜಮಖಂಡಿ ಕಡೆಯ ಒಬ್ಬ ಸಾಹುಕಾರರ ಶಾಪು ಇದೆ, ಪಂಪಿನ ಭಾಗ ಕೊರೆದುಕೊಡುತ್ತಾರೆ. ಆಫೀಸು ಮಾಳಿಗೆಯ ಮೇಲೆ, ತಲೆಗೆ ತಾಗುವಂತೆ ತಗಡು. ಮೇ ತಿಂಗಳ ಮಧ್ಯಾಹ್ನ ನನ್ನ ಥರ್ಮಾಮೀಟರು 40 ತೋರಿಸುತ್ತಿತ್ತು. ಎ.ಸಿ. ಮಾತು ತೆಗೆದೆ.

"ನನ್ನ ಕ್ಯಾಬಿನ್ನಿಗೇ ಎ.ಸಿ. ಇಲ್ಲೋ ತಮ್ಮಾ, ಆ ಡಬ್ಬಿಗ್ಯಾಕ?" ಅಂದರು. ಆಮೇಲೆ ಕಿಟಕಿಯಿಂದ ಕೆಳಗೆ ಕೈ ತೋರಿಸಿ, "ಆ ಮಷೀನಿನ ಒಳಗೂ ಕಂಪ್ಯೂಟರ್ ಐತಿ. ಧೂಳಿನಾಗs ನಿಂತೈತಿ. ಅದಕ್ಯಾಕ ಏನೂ ಆಗಂಗಿಲ್ಲ?"

ಸರಿಯಾದ ಪ್ರಶ್ನೆ. ಆ ಮಷೀನಿನ ಬೆನ್ನಿಗಿರುವ ಎಲೆಕ್ಟ್ರಿಕಲ್ ಪ್ಯಾನೆಲ್ ನೋಡಿ. ಬಾಗಿಲ ಸುತ್ತ ರಬ್ಬರ್ ಗ್ಯಾಸ್ಕೆಟ್, ಕೇಬಲ್ಲುಗಳೆಲ್ಲ ತಳದಿಂದ, ಸುತ್ತ ಸಂದಿ ಬಿಡದೆ ಬಿಗಿಯುವ ಗ್ಲ್ಯಾಂಡ್ ಮೂಲಕ, ಕೆಳಗೆ ಫಿಲ್ಟರ್ ಹಿಂದೆ ಒಳಕ್ಕೆ ಊದುವ ಫ್ಯಾನ್, ಮೇಲೆ ಹೊರಹೋಗಲು ಫಿಲ್ಟರ್ ಇರುವ ಜಾಲರಿ. ಒಳಗೆ ಒತ್ತಡ ತುಸು ಹೆಚ್ಚಿರುವುದರಿಂದ ಎಲ್ಲೋ ಸಂದಿ ಉಳಿದರೂ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಅದನ್ನು ಕಟ್ಟುವ ಫ್ಯಾಬ್ರಿಕೇಟರುಗಳು ಭೋಸರಿಯ ಗಲ್ಲಿಗಲ್ಲಿಗೂ ಇದ್ದಾರೆ. ಐಪಿ54, ಅಂದರೆ ಧೂಳು, ನೀರಿನ ಸಿಡಿತ ತಡೆಯುವ ದರ್ಜೆಯ ಬಾಕ್ಸಿನೊಳಗೆ ರ‍್ಯಾಕ್ ಸಾಮಾನಿನ ಅಗಲಕ್ಕೆ 19 ಇಂಚಿನ ಆಂಗಲ್ ಕೂರಿಸಿಕೊಡು ಅಂದರೆ ಅವರಿಗೆ ಅದು ದೊಡ್ಡ ಕೆಲಸವಲ್ಲ. ರ‍್ಯಾಕಿನ ಎತ್ತರ ಅಳೆಯುವ ಒಂದು ಯು ಅಂದರೆ 44.45 ಮಿಲಿಮೀಟರ್ ಅಂತ ಮಾತ್ರ ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ 45ಕ್ಕೆ ತೂತು ಕೊರೆದಿಡುತ್ತಾರೆ, ನಾಲ್ಕನೇ ಸಾಮಾನಿಗೆ ಬರುವಷ್ಟರಲ್ಲಿ ಸ್ಕ್ರೂ ಕೂರುವುದಿಲ್ಲ.

ಆದರೆ ಡಬ್ಬಿ ಆರಿಸುವ ಮೊದಲು ವ್ಯಾಟ್ ಅಳೆಯಬೇಕು. ಸಾಹುಕಾರರ ಟವರ್ ಸರ್ವರ್, ಕ್ಯಾಮೆರಾ ರೆಕಾರ್ಡರ್, ಸ್ವಿಚ್ ಕೂಡಿ ಮೀಟರಿನಲ್ಲಿ ಸುಮಾರು 350 ವ್ಯಾಟ್ ಬಂತು. ಬಣ್ಣ ಬಳಿದ ತಗಡಿನ ಪೆಟ್ಟಿಗೆ ತನ್ನ ಮೈಯಿಂದ ಬಿಡುವ ಶಾಖವನ್ನು ಪ್ಯಾನೆಲ್ಲಿನವರು ಚದರ ಮೀಟರಿಗೆ, ಒಂದು ಡಿಗ್ರಿಗೆ 5.5 ವ್ಯಾಟ್ ಅಂತ ಹಿಡಿಯುತ್ತಾರೆ. ಎರಡಡಿ ಘನದ ಪೆಟ್ಟಿಗೆಯನ್ನು ಗೋಡೆಗೆ ಹೊಡೆದರೆ ಐದು ಮೈ ಬಯಲಿಗಿರುತ್ತವೆ, ಸುಮಾರು 1.8 ಚದರ ಮೀಟರ್. ಅಂದರೆ ಪ್ರತಿ 10 ವ್ಯಾಟಿಗೆ ಒಳಗೆ ಒಂದು ಡಿಗ್ರಿ ಏರಿಕೆ. ಪೂರ್ತಿ ಮುಚ್ಚಿದರೆ 40ರ ಮೇಲೆ 35, ಒಟ್ಟು 75 ಡಿಗ್ರಿ. ಆಗುವ ಮಾತಲ್ಲ.

ಫ್ಯಾನ್ ಹಾಕುವುದಾದರೆ ಲೆಕ್ಕ ಬೇರೆ. ವ್ಯಾಟನ್ನು 3.1ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿದರೆ ಪರವಾಗಿಲ್ಲವೋ ಅದರಿಂದ ಭಾಗಿಸಿದರೆ ಗಂಟೆಗೆ ಬೇಕಾದ ಘನ ಮೀಟರ್ ಗಾಳಿ. 3.1 ಸಮುದ್ರ ಮಟ್ಟದ್ದು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ನಾನು 3.4 ಹಿಡಿಯುತ್ತೇನೆ. 350 ವ್ಯಾಟಿಗೆ ಏರಿಕೆ 5 ಡಿಗ್ರಿಗೆ ನಿಲ್ಲಬೇಕೆಂದರೆ ಗಂಟೆಗೆ 238 ಘನ ಮೀಟರ್. ಫಿಲ್ಟರ್ ಕಟ್ಟಿಕೊಳ್ಳುವುದು ಖಂಡಿತ, ಹಾಗಾಗಿ ಅದರ ಇಮ್ಮಡಿಯ ಫ್ಯಾನ್ ತೆಗೆದುಕೊಳ್ಳುವುದು ಲೇಸು. ಇಷ್ಟು ಮಾಡಿದರೂ ಒಳಗೆ 45. ಯಾವ ಫ್ಯಾನೂ ಕೋಣೆಗಿಂತ ತಣ್ಣಗೆ ಮಾಡಲಾರದು. ಸಾಮಾನ್ಯ ಸರ್ವರಿನ ಕಾಗದದಲ್ಲಿ ಬರೆದಿರುವುದು 35 ಡಿಗ್ರಿ ತನಕ. ಹೆಚ್ಚು ಬಿಸಿ ತಡೆಯುವ ಎ3 ವರ್ಗದ್ದಾದರೆ 40, ಎ4 ಆದರೆ 45.

ಹಾಗಾಗಿ ಸಾಹುಕಾರರ ಮುಂದೆ ಇನ್ನೊಂದು ದಾರಿ ಇಟ್ಟೆ. ಲೆಕ್ಕಪತ್ರದ ಟ್ಯಾಲಿಗೆ, ನಾಲ್ಕಾರು ಜನ ತೆಗೆದು ನೋಡುವ ಡ್ರಾಯಿಂಗ್ ಫೈಲುಗಳಿಗೆ ಆ ಟವರ್ ಸರ್ವರೇ ಯಾಕೆ? 50 ಡಿಗ್ರಿಗೆ ಮಾಡಿದ, ಫ್ಯಾನೇ ಇಲ್ಲದ, ಎಸ್‌ಎಸ್‌ಡಿ ಹಾಕಿದ ಪುಟ್ಟ ಇಂಡಸ್ಟ್ರಿಯಲ್ ಪಿಸಿ ಸಾಕು. ರೆಕಾರ್ಡರ್, ಸ್ವಿಚ್ ಸೇರಿ 70 ವ್ಯಾಟಿಗೆ ಇಳಿಯಿತು. ಅದೇ ಪೆಟ್ಟಿಗೆ, ಪೂರ್ತಿ ಮುಚ್ಚಿ, ಫ್ಯಾನಿಲ್ಲ, ಫಿಲ್ಟರಿಲ್ಲ: 47 ಡಿಗ್ರಿ. "ತೊಳಿಯೂದು ಒರಸೂದು ಏನೂ ಇಲ್ಲ ಅಂತೀ? ಅದನ್ನs ಹಾಕು" ಅಂದರು. ಹಳೆಯ ಟವರು ಈಗ ಅವರ ಚಿಂಚವಡದ ಮನೆಯಲ್ಲಿ ಬ್ಯಾಕಪ್ ಇಟ್ಟುಕೊಂಡು ಕೂತಿದೆ.

ದೊಡ್ಡ ಸರ್ವರ್ ಬೇಕೇ ಬೇಕು ಅನ್ನುವವರಿಗೆ ಫಿಲ್ಟರ್ ಫ್ಯಾನೇ ಗತಿ, ಜೊತೆಗೆ ಗುರುವಾರದ ಶಿಸ್ತು. ಇಲ್ಲಿ ವಾರದ ರಜೆ ಗುರುವಾರ, ಅವತ್ತು ಫಿಲ್ಟರ್ ಕಳಚಿ ತೊಳೆದು ಒಣಗಿಸಲು ಒಬ್ಬನನ್ನು ನೇಮಿಸಿ. ಅವನ ಕೈಗೆ ಶಾಪಿನ ಕಂಪ್ರೆಸರ್ ಪೈಪು ಮಾತ್ರ ಕೊಡಬೇಡಿ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ, ಪುಡಿ ಬೋರ್ಡಿನ ಸಂದಿಗೆ ಇನ್ನಷ್ಟು ಹೊಕ್ಕು ಕೂರುತ್ತದೆ. ಖಂಡೇನವಮಿಯ ದಿನ ಜಾಲರಿಗೆ ಅರಿಶಿನ ಕುಂಕುಮ ಹಚ್ಚಿ ಊದಿನಕಡ್ಡಿ ಸಿಕ್ಕಿಸುವವರಿಗೆ ಪಕ್ಕದ ಗೋಡೆ ತೋರಿಸಿ. ದೇವರು ಏನೂ ಅಂದುಕೊಳ್ಳುವುದಿಲ್ಲ.

ಆಳ ನೋಡಿಕೊಳ್ಳಿ. ಗೋಡೆಯ ರ‍್ಯಾಕ್ ಸಾಮಾನ್ಯವಾಗಿ ಒಂದೂವರೆ ಎರಡಡಿ ಆಳ, ಅದರಲ್ಲಿ ಉದ್ದದ ರ‍್ಯಾಕ್ ಸರ್ವರ್ ಕೂರುವುದಿಲ್ಲ. ಅದಕ್ಕೆ ನೆಲದ ಮೇಲೆ ನಿಲ್ಲುವ 1000 ಮಿಲಿಮೀಟರಿನದೇ ಬೇಕು.

ಯುಪಿಎಸ್ ಯಾವತ್ತೂ ಅದೇ ಪೆಟ್ಟಿಗೆಯಲ್ಲಿ ಬೇಡ. ಅದೂ ಶಾಖ ಬಿಡುತ್ತದೆ, ಸಾಲದ್ದಕ್ಕೆ ಲೆಡ್ ಆ್ಯಸಿಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸಾಹುಕಾರರದ್ದನ್ನು ಕೆಳಗಿನ ಸ್ಟೋರ್ ರೂಮಿಗೆ ಇಳಿಸಿದ್ದೇನೆ. ಅದಕ್ಕೆ ಸ್ಲ್ಯಾಬಿನ ಸೂರಿದೆ, ಮಾಳಿಗೆಯಷ್ಟು ಕಾಯುವುದಿಲ್ಲ.