ಇಂಟರ್ವಲ್ ಲೈಬ್ರರಿ: ರಂಪ್ ಲೆಕ್ಕ ದಾಟಿತು

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆಯುತ್ತಿರುವ ಇಂಟರ್ವಲ್ ಲೈಬ್ರರಿಗೆ ಈಗ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ನಾಲ್ಕೂ ಬಂದಿವೆ. ಉದ್ದೇಶ ಒಂದೇ. ಕಂಪ್ಯೂಟರ್ ಕೊಟ್ಟ ಉತ್ತರ ಎಷ್ಟನೇ ಅಂಕಿಯವರೆಗೆ ನಿಜ ಅಂತ ಆ ಲೆಕ್ಕವೇ ಹೇಳಬೇಕು. ಅದಕ್ಕೆ ಪ್ರತಿ ಸಂಖ್ಯೆಯ ಜಾಗದಲ್ಲಿ ಕೆಳಗಿನ ಅಂಚು, ಮೇಲಿನ ಅಂಚು ಅಂತ ಎರಡು ಸಂಖ್ಯೆ ಇಡುತ್ತೇನೆ, ಆ ಜೋಡಿಗೇ ಇಂಟರ್ವಲ್ ಅನ್ನುವುದು. ನಿಜವಾದ ಬೆಲೆ ಅವುಗಳ ನಡುವೆ ಇದ್ದೇ ಇರಬೇಕು.

ಕಂಪ್ಯೂಟರ್‌ನ ದಶಮಾಂಶ ಲೆಕ್ಕಗಳ ಮಾನದಂಡವಾದ ಐಇಇಇ 754 ಪ್ರಕಾರ ಈ ನಾಲ್ಕು ಕ್ರಿಯೆಗಳಲ್ಲಿ ತಪ್ಪು ಕೊನೆಯ ಬಿಟ್‌ನ (0 ಅಥವಾ 1 ಆಗುವ ಅಂಕಿ) ಅರ್ಧಕ್ಕಿಂತ ಜಾಸ್ತಿ ಆಗುವಂತಿಲ್ಲ. ಹಾಗಾಗಿ ಉತ್ತರ ಬಂದ ಮೇಲೆ ಕೆಳಗಿನ ಅಂಚನ್ನು ಒಂದು ಹೆಜ್ಜೆ (ಕಂಪ್ಯೂಟರ್ ಹಿಡಿಯಬಲ್ಲ ಪಕ್ಕದ ಸಂಖ್ಯೆಗೆ) ಕೆಳಕ್ಕೆ, ಮೇಲಿನದನ್ನು ಒಂದು ಹೆಜ್ಜೆ ಮೇಲಕ್ಕೆ ಸರಿಸಿದರೆ ಸಾಕು. ಪೈಥಾನ್ 3.9ರಿಂದ ಇದಕ್ಕೆ ನೆಕ್ಸ್ಟ್‌ಆಫ್ಟರ್ ಅನ್ನುವ ಫಂಕ್ಷನ್ ಇದೆ. ಘಾತಕ್ಕೆ ಈ ಭರವಸೆ ಇಲ್ಲ, ಅದನ್ನು ಗುಣಾಕಾರದಿಂದಲೇ ಮಾಡಿಸುತ್ತಿದ್ದೇನೆ.

ಇನ್ನು ಪರೀಕ್ಷೆ. 1988ರಲ್ಲಿ ಜರ್ಮನ್ ಗಣಿತಜ್ಞ ಜೀಗ್‌ಫ್ರೀಡ್ ರಂಪ್ ಒಂದು ಲೆಕ್ಕ ಕೊಟ್ಟರು:

333.75ಬ⁶ + ಅ²(11ಅ²ಬ² − ಬ⁶ − 121ಬ⁴ − 2) + 5.5ಬ⁸ + ಅ/(2ಬ)

ಇಲ್ಲಿ ಅ = 77617, ಬ = 33096. ಆಗಿನ ಐಬಿಎಂ ಎಸ್/370 ಯಂತ್ರದಲ್ಲಿ ಸಿಂಗಲ್ ಪ್ರಿಸಿಷನ್‌ನಲ್ಲೂ (ಕಡಿಮೆ ಅಂಕಿಗಳ ನಿಖರತೆ) 1.1726, ಡಬಲ್‌ನಲ್ಲೂ (ಸುಮಾರು ಅದರ ಎರಡರಷ್ಟು ಅಂಕಿ) 1.1726, ಅದಕ್ಕಿಂತ ಹೆಚ್ಚಿನದರಲ್ಲೂ 1.1726 ಬಂತು. ಮೂರೂ ಒಂದೇ ಮಾತು ಹೇಳಿದರೆ ಯಾರಾದರೂ ನಂಬುತ್ತಾರೆ, ಅಲ್ವಾ? ನಿಜವಾದ ಉತ್ತರ −0.8274. ಚಿಹ್ನೆಯೇ ಬೇರೆ.

ಯಾಕೆ ಹೀಗೆ ಅಂತ ಪೂರ್ಣಾಂಕಗಳಲ್ಲಿ ಬಿಡಿಸಿ ನೋಡಿದೆ. 5.5ಬ⁸ ಅಂದರೆ

7917111340668961361101134701524942848

ಅದರ ಹಿಂದಿನ ಪದಗಳೆಲ್ಲ ಕೂಡಿದರೆ

−7917111340668961361101134701524942850

37 ಅಂಕಿಯ ಎರಡು ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ −2 ಉಳಿಯುತ್ತದೆ. ಡಬಲ್‌ನಲ್ಲಿ ಹಿಡಿಯುವುದು 16 ಅಂಕಿ ಚಿಲ್ಲರೆ. ಆ 2 ಅದಕ್ಕೆ ಕಾಣಿಸುವುದೇ ಇಲ್ಲ. ಎಸ್/370ಗೆ ಸಿಕ್ಕಿದ್ದು ಕೊನೆಯಲ್ಲಿ ಉಳಿದ ಅ/(2ಬ) ಮಾತ್ರ. ಅ² ಸರಿಯಾಗಿ 5.5ಬ² + 1 ಆಗುವಂತೆ ರಂಪ್ ಸಂಖ್ಯೆಗಳನ್ನು ಆರಿಸಿದ್ದಾರೆ. ಎಷ್ಟು ಚೆಂದದ ಕೈಚಳಕ!

ನನ್ನ ಲೈಬ್ರರಿ ಡಬಲ್‌ನಲ್ಲಿ ಕೊಟ್ಟ ಇಂಟರ್ವಲ್‌ನ ಅಗಲ 10²¹ಕ್ಕಿಂತ ಜಾಸ್ತಿ. ಉತ್ತರ ಸೊನ್ನೆಯ ಯಾವ ಕಡೆಗಿದೆ ಅನ್ನುವುದೂ ಗೊತ್ತಾಗುವುದಿಲ್ಲ. ನನಗೆ ಬೇಕಾಗಿದ್ದದ್ದೇ ಇದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳುವ ಲೆಕ್ಕ.

ಆಮೇಲೆ ಅಂಚುಗಳನ್ನು ಪೈಥಾನ್‌ನ ದೊಡ್ಡ ಪೂರ್ಣಾಂಕಗಳಲ್ಲಿ ಇಟ್ಟು, ಅಗಲ ಸಾಕಷ್ಟು ಕಿರಿದಾಗುವವರೆಗೆ ಬಿಟ್‌ಗಳನ್ನು ದುಪ್ಪಟ್ಟು ಮಾಡುವ ಹಾಗೆ ಬರೆದೆ. 106 ಬಿಟ್‌ನಲ್ಲೂ ಅಗಲ ಲಕ್ಷದ ಮೇಲೆ. 212 ಬಿಟ್‌ಗೆ ಏರಿದ ಕೂಡಲೇ ಎರಡೂ ಅಂಚುಗಳು −0.82739605994682136814 ಅಂತ ಒಪ್ಪಿದವು. ಎಸ್/370ರಲ್ಲೂ ಉತ್ತರಗಳು ಒಪ್ಪಿದ್ದವು ನಿಜ. ಆದರೆ ಇಲ್ಲಿ ಒಪ್ಪಿದ್ದು ಕೆಳಗಿನ ಮಿತಿ ಮತ್ತು ಮೇಲಿನ ಮಿತಿ. ಉತ್ತರಕ್ಕೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಜೀನ್-ಮಿಷೆಲ್ ಮ್ಯುಲರ್ ಅವರ ಸರಣಿಯನ್ನೂ ಓಡಿಸಿದೆ. 2, −4 ರಿಂದ ಶುರು (2ನ್ನು 0ನೇ ಪದ ಅಂತ ಎಣಿಸುತ್ತೇನೆ). ಮುಂದಿನ ಪದ ಬೇಕಾದರೆ 111ರಿಂದ 1130/(ಹಿಂದಿನ ಪದ) ಕಳೆದು, 3000/(ಹಿಂದಿನ ಎರಡರ ಗುಣಲಬ್ಧ) ಕೂಡಬೇಕು. ನಿಜವಾಗಿ ಇದು 6ಕ್ಕೆ ಹೋಗುತ್ತದೆ. ಸಾದಾ ಡಬಲ್‌ನಲ್ಲಿ ಓಡಿಸಿದರೆ 100ಕ್ಕೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಸರಣಿಯ ಹಿಂದಿರುವ ಸಮೀಕರಣದ ಮೂಲಗಳು 5, 6, 100. ಒಂದು ಚೂರು ರೌಂಡಿಂಗ್ (ಕೊನೆಯ ಅಂಕಿಗಳನ್ನು ಬಿಡುವ) ತಪ್ಪು ಸೇರಿದರೂ 100ರ ಪಾಲು ಬೆಳೆದು ಉಳಿದದ್ದನ್ನು ನುಂಗುತ್ತದೆ. ಇಂಟರ್ವಲ್ ಲೆಕ್ಕ ಡಬಲ್‌ನಲ್ಲಿ 20ನೇ ಪದ ಮುಟ್ಟುವ ಮೊದಲೇ ಕೈಚೆಲ್ಲುತ್ತದೆ, ಯಾಕಂದ್ರೆ ಛೇದದ ಇಂಟರ್ವಲ್ ಒಳಗೆ ಸೊನ್ನೆ ಬಂದುಬಿಡುತ್ತದೆ. 212 ಬಿಟ್‌ನಲ್ಲಿ 30ನೇ ಪದ 6.0056. ಪೈಥಾನ್‌ನ ಭಿನ್ನರಾಶಿ ಲೆಕ್ಕಕ್ಕೂ ತಾಳೆಯಾಯಿತು.

ಇದು ಸುಮ್ನೆ ಹವ್ಯಾಸದ ಆಟ ಅನ್ನಿಸಿದರೆ ಗಣಿತಜ್ಞ ವಾರ್ವಿಕ್ ಟಕ್ಕರ್ ಅವರ ಕೆಲಸ ನೋಡಿ. ಹವಾಮಾನದ ಸರಳ ಮಾದರಿಯಾದ ಲೊರೆಂಜ್ ಸಮೀಕರಣಗಳ ಆ ಚಿಟ್ಟೆಯಾಕಾರದ ಆಕರ್ಷಕ (ಅಟ್ರಾಕ್ಟರ್, ಪಥಗಳು ಸುತ್ತುತ್ತ ಉಳಿಯುವ ಆಕೃತಿ) ನಿಜಕ್ಕೂ ಇದೆ ಅಂತ 1999ರಲ್ಲಿ ಅವರು ಸಾಧಿಸಿದ್ದು ಇಂಟರ್ವಲ್ ಲೆಕ್ಕದ ಬಲದಿಂದಲೇ. ಕಂಪ್ಯೂಟರ್ ಕೊಟ್ಟ ದಶಮಾಂಶ ಅಲ್ಲಿ ಗಣಿತದ ಸಾಧನೆಯ ಭಾಗವಾಯಿತು. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಅದು.

ಈಗಿನ ತೊಡಕು ಅತಿ ಅಗಲದ್ದು. [−1, 2]ನ್ನು ಅದರಿಂದಲೇ ಗುಣಿಸಿದರೆ [−2, 4] ಬರುತ್ತದೆ. ಎರಡೂ ಒಂದೇ ಸಂಖ್ಯೆ ಅಂತ ಲೈಬ್ರರಿಗೆ ಗೊತ್ತಿಲ್ಲ. ವರ್ಗಕ್ಕೆ ಬೇರೆ ಫಂಕ್ಷನ್ ಬರೆದು [0, 4] ಬರಿಸಿದ್ದೇನೆ. ಉದ್ದನೆಯ ಬಹುಪದಿಗಳಿಗೆ ಇದು ಸಾಲದು, ಇಂಟರ್ವಲ್ಲನ್ನು ತುಂಡು ಮಾಡಿ ಒಂದೊಂದರ ಮೇಲೂ ಲೆಕ್ಕ ಓಡಿಸಬೇಕು. ಅದಾದ ಮೇಲೆ ಸೈನ್, ಕೊಸೈನ್. ಅವುಗಳನ್ನು ಕೊನೆಯಿಲ್ಲದ ಪದಗಳ ಮೊತ್ತವಾಗಿ ಬರೆಯುವ ಟೇಲರ್ ಸರಣಿಯಲ್ಲಿ ಬಿಟ್ಟ ಪದಗಳ ಮಿತಿಯನ್ನೂ ಅಂಚಿಗೆ ಸೇರಿಸಬೇಕು.