ಸಾವಿರ ಮಾರು: ಚಿಹಿರೋಗೆ ಕನ್ನಡ ಸಬ್‌ಟೈಟಲ್, ಇಲ್ಲಿವರೆಗೆ ಆಗಿದ್ದು

ಮೊದಲ ವಾರ

‘ಸ್ಪಿರಿಟೆಡ್ ಅವೇ’ ನಾನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ, ಗೆಳತಿಯ ಲ್ಯಾಪ್‌ಟಾಪಿನಲ್ಲಿ, ನಾಲ್ಕು ಜನ ಒಂದೇ ಮಂಚದ ಮೇಲೆ ಒತ್ತಿಕೊಂಡು ಕೂತು. ಅಪ್ಪ ಅಮ್ಮ ಹಂದಿಗಳಾಗಿಬಿಡುವುದು, ಆರು ಕೈಯ ಮುದುಕ, ಮೂಲಂಗಿಯಂಥ ದೇವರು ಹುಡುಗಿಯ ಜೊತೆ ಲಿಫ್ಟಿನಲ್ಲಿ ಬರುವುದು, ಎಲ್ಲವನ್ನೂ ಯಾಕೆ ಹೀಗೆ ಅಂತ ಕೇಳದೆ ನೋಡಿದ್ದೆ. ಮೊನ್ನೆ ಅಕ್ಕನ ಮಗಳ ಜೊತೆ ಮತ್ತೆ ನೋಡಿದೆ. ಅವಳಿಗೆ 9 ವರ್ಷ, ಸಿನಿಮಾದ ಚಿಹಿರೋಗಿಂತ ಒಂದೇ ವರ್ಷ ಚಿಕ್ಕವಳು, ಓದುವುದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಸಾಲುಗಳು ಓಡುವ ವೇಗಕ್ಕೆ ಅವಳಿಗೆ ಓದಲು ಆಗಲಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ, ಅಷ್ಟರಲ್ಲಿ ಹಿಂದಿನಿಂದ ಅಮ್ಮ, ‘ಏನಂತೆ? ಆ ಅಜ್ಜಿ ಏನಂದಳು?’ ಅಂತ. ಅವತ್ತು ರಾತ್ರಿಯೇ ಅಂದುಕೊಂಡೆ, ಇದಕ್ಕೆ ಕನ್ನಡ ಸಬ್‌ಟೈಟಲ್ ಬರೆಯಬೇಕು, ನಮ್ಮ ಮನೆಯವರಿಗಾಗಿ.

ನೋಡದವರಿಗೆ ಎರಡು ಮಾತು. ಹಯಾವೊ ಮಿಯಾಜಾಕಿ ಮಾಡಿದ ಜಪಾನಿ ಸಿನಿಮಾ ಇದು, 2001ರದ್ದು. ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್, 2003ರಲ್ಲಿ ಆಸ್ಕರ್ ಎರಡೂ ಸಿಕ್ಕಿವೆ. ಹೊಸ ಊರಿಗೆ ಮನೆ ಬದಲಿಸುವ ದಿನ ದಾರಿ ತಪ್ಪಿದ ಹುಡುಗಿ ಸುರಂಗ ದಾಟಿ, ದೇವರುಗಳು ಸ್ನಾನಕ್ಕೆ ಬರುವ ಜಾಗ ಸೇರುತ್ತಾಳೆ. ಹಂದಿಗಳಾದ ಅಪ್ಪ ಅಮ್ಮನನ್ನು ಬಿಡಿಸಿಕೊಳ್ಳಬೇಕಾದರೆ ಅಲ್ಲೇ ಕೆಲಸ ಮಾಡಬೇಕು. ಜಪಾನಿ ಹೆಸರಿನಲ್ಲಿ ‘ಕಾಮಿಕಾಕುಶಿ’ ಅನ್ನುವ ಮಾತಿದೆ. ಯಾರಾದರೂ ಇದ್ದಕ್ಕಿದ್ದ ಹಾಗೆ ಕಾಣೆಯಾದರೆ ದೇವರೇ ಅವರನ್ನು ಬಚ್ಚಿಟ್ಟಿದ್ದಾನೆ ಅನ್ನುವ ಹಳೇ ನಂಬಿಕೆ. ನನ್ನ ಫೈಲಿಗೆ ‘ದೇವರು ಬಚ್ಚಿಟ್ಟ ಹುಡುಗಿ’ ಅಂತ ಹೆಸರಿಟ್ಟೆ.

ಮೂರು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ. ನಿಘಂಟು ಪಕ್ಕದಲ್ಲೇ ಇರಬೇಕು, ಆದರೂ ಇಂಗ್ಲಿಷಿನಿಂದ ಮಾಡುವುದು ಬೇಡ ಅನ್ನಿಸಿತು. ಸೇತುವೆ ಹತ್ತಿರ ಆ ದೊಡ್ಡ ಕಟ್ಟಡ ನೋಡಿದಾಗ ಜಪಾನಿಯಲ್ಲಿ ಚಿಹಿರೋ ಅದು ಏನು ಅಂತ ಹೇಳುವುದಿಲ್ಲ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಇದು ಸ್ನಾನದ ಮನೆ ಅಂತ ಅವಳ ಬಾಯಲ್ಲಿ ಹೇಳಿಸಿದ್ದಾರೆ. ಇಂಥವು ಇನ್ನೂ ಇವೆ.

ಎರಡನೇ ವಾರ

ಒಂದೇ ದೃಶ್ಯದಲ್ಲಿ ಇಡೀ ವಾರ ಹೋಯಿತು.

ಯುಬಾಬಾ ಅನ್ನುವ ಮಾಟಗಾತಿ ಅಜ್ಜಿ ಆ ಸ್ನಾನದ ಮನೆಯ ಯಜಮಾನಿ. ಕೆಲಸದ ಕರಾರಿಗೆ ಚಿಹಿರೋ ಸಹಿ ಹಾಕುತ್ತಾಳೆ. ಅಜ್ಜಿ ಕೈ ಎತ್ತಿದರೆ ಅಕ್ಷರಗಳು ಹಾಳೆಯಿಂದ ಎದ್ದು ಅವಳ ಮುಷ್ಟಿ ಸೇರುತ್ತವೆ, ಉಳಿಯುವುದು ಒಂದೇ ಅಕ್ಷರ. ಇನ್ನು ಮೇಲೆ ನೀನು ಸೆನ್ ಅನ್ನುತ್ತಾಳೆ. ಪುಟ್ಟಿ, ಅಂದರೆ ಅಕ್ಕನ ಮಗಳು, ಇಲ್ಲಿ ನಿಲ್ಲಿಸಿ ಕೇಳಿದಳು: ‘ಚಿಕ್ಕಿ, ಚಿಹಿರೋದಲ್ಲಿ ಸೆನ್ ಎಲ್ಲಿದೆ?’

ಸರಿಯಾದ ಪ್ರಶ್ನೆ ಅಲ್ವಾ? ಕನ್ನಡದಲ್ಲಿ ‘ಚಿ’ ಎಲ್ಲಿಟ್ಟರೂ ಚಿ. ಜಪಾನಿನ ಕಾಂಜಿ ಅಕ್ಷರಗಳು ಹಾಗಲ್ಲ. ಒಂದೇ ಅಕ್ಷರ, ಇನ್ನೊಂದರ ಜೊತೆ ಕೂತಾಗ ‘ಚಿ’, ಒಂಟಿಯಾಗಿ ನಿಂತಾಗ ‘ಸೆನ್’. ಅದರ ಅರ್ಥ ಸಾವಿರ. ಚಿಹಿರೋದಲ್ಲಿ ಉಳಿಯುವ ‘ಹಿರೋ’ ಏನು ಅಂತ ನಿಘಂಟು ನೋಡಿದೆ: ಎರಡೂ ತೋಳು ಚಾಚಿದರೆ ಆಗುವಷ್ಟು ಉದ್ದ, ನೀರಿನ ಆಳ ಅಳೆಯುವ ಹಳೇ ಅಳತೆ. ಇದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಅಮ್ಮ ಹೂವಿನವಳ ಹತ್ತಿರ ಸೇವಂತಿಗೆ ತಗೊಳ್ಳುತ್ತಿದ್ದರು. ಹೂವಿನವಳು ದಾರವನ್ನು ಎರಡೂ ಕೈ ಚಾಚಿ ಎಳೆದು ‘ಒಂದು ಮಾರು’ ಅಂದಳು. ಕಾಫಿ ಲೋಟ ಅಲ್ಲೇ ಇಟ್ಟು ಓಡಿಹೋಗಿ ಬರೆದುಕೊಂಡೆ. ಚಿಹಿರೋ ಅಂದರೆ ಸಾವಿರ ಮಾರು! ಅಳೆಯಲಾಗದಷ್ಟು ಆಳ. ಅಜ್ಜಿ ಕಿತ್ತುಕೊಂಡದ್ದು ಮಾರನ್ನು, ಆಳವನ್ನು. ಬಿಟ್ಟದ್ದು ಬರೀ ಒಂದು ಸಂಖ್ಯೆಯನ್ನು. ಇಷ್ಟು ವರ್ಷ ಇದು ಗೊತ್ತಿಲ್ಲದೆ ಈ ಸಿನಿಮಾ ನನಗೆ ಇಷ್ಟ ಅನ್ನುತ್ತಿದ್ದೆ.

ಇನ್ನೊಂದು ಕಣ್ಣಿಗೆ ಬಿತ್ತು. ಮಾರನೇ ದಿನ ಹಕು, ಅಲ್ಲಿ ಅವಳಿಗೆ ನೆರವಾಗುವ ಹುಡುಗ, ಅವಳ ಹಳೇ ಬಟ್ಟೆ ತಂದುಕೊಡುತ್ತಾನೆ. ಅದರಲ್ಲಿ ಗೆಳತಿ ಕೊಟ್ಟ ಬೀಳ್ಕೊಡುಗೆ ಕಾರ್ಡ್ ಇದೆ. ಅದರಲ್ಲಿ ಅವಳ ಹೆಸರಿರುವುದು ಕಾಂಜಿಯಲ್ಲಿ ಅಲ್ಲ, ಹಿರಗಾನದಲ್ಲಿ, ಅಂದರೆ ನಮ್ಮ ಅಕ್ಷರಗಳ ಹಾಗೆ ಬರೆದದ್ದನ್ನೇ ಓದುವ ಲಿಪಿಯಲ್ಲಿ. ಅದರಿಂದ ಯಾರೂ ‘ಸೆನ್’ ಎಳೆಯಲು ಆಗುವುದಿಲ್ಲ. ಅದನ್ನು ಓದಿದ ಮೇಲೆಯೇ ಅವಳಿಗೆ ತನ್ನ ಹೆಸರು ಮತ್ತೆ ಕೈಗೆ ಸಿಗುವುದು. ಹಾಗಾಗಿ ಕಾರ್ಡಿನ ಮೇಲೆ ದೊಡ್ಡದಾಗಿ ‘ಚಿಹಿರೋ’ ಅಂತಷ್ಟೇ ಹಾಕಿದ್ದೇನೆ. ಕರಾರಿನ ದೃಶ್ಯದಲ್ಲಿ ಅಕ್ಷರಗಳು ಏಳುವಾಗ ಪರದೆಯ ಮೇಲ್ತುದಿಯಲ್ಲಿ ಸಣ್ಣದಾಗಿ: ‘ಚಿಹಿರೋ: ಸಾವಿರ ಮಾರು. ಸೆನ್: ಸಾವಿರ.’ ಅಲ್ಲಿ ಮಾತು ಕಡಿಮೆ, ಓದಲು ಸಮಯ ಸಿಗುತ್ತದೆ.

ಮೂರನೇ ವಾರ

ಹೆಸರುಗಳನ್ನು ಅನುವಾದ ಮಾಡಬೇಕೇ ಬೇಡವೇ? ಬಾಯ್ಲರ್ ನೋಡಿಕೊಳ್ಳುವ ಆರು ಕೈಯ ಮುದುಕನ ಹೆಸರು ಕಾಮಾಜಿ. ‘ಕಾಮಾ’ ಅಂದರೆ ನೀರು ಕಾಯಿಸುವ ದೊಡ್ಡ ಪಾತ್ರೆ, ‘ಜಿ’ ಅಂದರೆ ತಾತ. ಹಂಡೆ ತಾತ! ಎಷ್ಟು ಚೆನ್ನಾಗಿ ಕೂತಿತು ಅಂದರೆ ಅರ್ಧ ದಿನ ಹಾಗೇ ಇಟ್ಟಿದ್ದೆ. ಆಮೇಲೆ ತೆಗೆದೆ. ಹೆಸರು ಕಿತ್ತುಕೊಳ್ಳುವುದೇ ಕತೆಯ ಕೇಡು, ಅಂಥ ಕತೆಯಲ್ಲಿ ನಾನೂ ಹೆಸರು ಬದಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾಮಾಜಿ ಕಾಮಾಜಿಯೇ. ಚಿಹಿರೋ ಅವರನ್ನು ‘ತಾತ’ ಅಂತ ಕರೆಯುವಾಗ ಮಾತ್ರ ‘ತಾತ’.

ಅಮ್ಮ ಒಂದು ಸಲಹೆ ಕೊಟ್ಟಿದ್ದರು. ಜಪಾನಿಯಲ್ಲಿ ಎಂಬತ್ತು ಲಕ್ಷ ದೇವರುಗಳು ಅನ್ನುವ ಮಾತು ಬರುತ್ತದೆ, ಲೆಕ್ಕವಿಲ್ಲದಷ್ಟು ಅನ್ನುವ ಅರ್ಥದಲ್ಲಿ. ‘ಮೂವತ್ತಮೂರು ಕೋಟಿ ಅಂತ ಹಾಕು, ಎಲ್ಲರಿಗೂ ತಿಳಿಯುತ್ತೆ’ ಅಂದರು. ಬೇಡಮ್ಮ, ಅವರ ದೇವರು ಅವರ ಲೆಕ್ಕದಲ್ಲೇ ಇರಲಿ ಅಂದೆ.

ಕನ್ನಡ ತುಂಬ ಸಹಾಯ ಮಾಡಿದ್ದು ನೀನು, ನೀವು ವಿಷಯದಲ್ಲಿ. ಒಬ್ಬಳೇ ಇದ್ದಾಗ ಹಕು ಚಿಹಿರೋ ಜೊತೆ ಮೆತ್ತಗೆ ಮಾತಾಡುತ್ತಾನೆ. ಲಿಫ್ಟಿನಲ್ಲಿ ಮಾತ್ರ ಒಮ್ಮೆಗೇ ಗಟ್ಟಿಯಾಗಿ, ನನ್ನನ್ನು ಹಕು-ಸಾಮಾ ಅಂತ, ಅಂದರೆ ಮರ್ಯಾದೆ ಕೊಟ್ಟು, ಕರೆ ಅನ್ನುತ್ತಾನೆ. ಅವಳು ಗೊಂದಲಪಟ್ಟು ಹಕು ಇಬ್ಬರಿದ್ದಾರಾ ಅಂತ ಜೊತೆ ಕೆಲಸ ಮಾಡುವ ರಿನ್‌ಳನ್ನು ಕೇಳುತ್ತಾಳೆ. ಕನ್ನಡದಲ್ಲಿ ಅವಳು ಅವನಿಗೆ ‘ನೀನು’ ಅನ್ನುತ್ತಿದ್ದದ್ದನ್ನು ‘ನೀವು’ ಮಾಡಿದರೆ ಸಾಕು, ಅವಳ ಎದೆ ಧಸಕ್ ಅಂದದ್ದು ನಮಗೂ ತಿಳಿಯುತ್ತದೆ. ಹೆಸರನ್ನು ಹ್ರಸ್ವದಲ್ಲೇ ಬರೆಯಬೇಕು, ‘ಹಾಕು’ ಅಂತ ಬರೆದರೆ ಓದುವವರು ಏನು ಹಾಕುವುದು ಅಂತ ತಡವರಿಸುತ್ತಾರೆ.

ನಾಲ್ಕನೇ ವಾರ

ಟಿವಿಯಲ್ಲಿ ಪರೀಕ್ಷೆ. ಪೆನ್‌ಡ್ರೈವಿನಿಂದ ಹಾಕಿದರೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು, ‘ಅಪ್ಪ’ ಹೋಗಿ ‘ಅಪ್‌ಪ’ ಆಯಿತು, ‘ಅಮ್ಮ’ ‘ಅಮ್‌ಮ’. ಪುಟ್ಟಿ ಎರಡು ನಿಮಿಷ ಓದಿ ಬಿಟ್ಟಳು. ಫೈಲು ಕನ್ನಡ ಅಕ್ಷರಗಳನ್ನು ಸರಿಯಾಗಿ ಉಳಿಸುವ ಯುಟಿಎಫ್-8 ರೂಪದಲ್ಲೇ ಇತ್ತು, ಟಿವಿಯ ಪ್ಲೇಯರಿಗೆ ಕನ್ನಡ ಜೋಡಿಸಲು ಬರಲಿಲ್ಲ ಅಷ್ಟೇ. ಈಗ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಎಲ್‌ಸಿಯಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಆರಿಸಿದರೆ ಸರಿಯಾಗಿ ಬರುತ್ತಿದೆ. ಸಮಯ ಹೊಂದಿಸಲು ಏಜಿಸಬ್ ಅನ್ನುವ ಸಬ್‌ಟೈಟಲ್ ತಂತ್ರಾಂಶ ಬಳಸುತ್ತಿದ್ದೇನೆ. ಧ್ವನಿಯ ಅಲೆ ಕಾಣುತ್ತದೆ, ಮಾತು ಎಲ್ಲಿ ಶುರು ಅಂತ ಕಣ್ಣಲ್ಲೇ ಹಿಡಿಯಬಹುದು.

ಪುಟ್ಟಿಯ ಓದಿನ ವೇಗಕ್ಕೆ ಸಾಲುಗಳನ್ನು ಕತ್ತರಿಸಬೇಕಾಯಿತು. ‘ಹೋಗಬೇಕಾಗಿದೆ’ ಅನ್ನುವ ಕಡೆ ‘ಹೋಗಬೇಕು’. ಸುಮ್ನೆ ಉದ್ದ ಮಾಡುವ ಚಟ ನನಗೆ ಜಾಸ್ತಿ ಅಂತ ಗೊತ್ತಾಯಿತು.

ಆರನೇ ವಾರ

ಕೊಳಕು ದೇವರ ದೃಶ್ಯ ಮುಗಿಯಿತು. ನಾತ ತಡೆಯಲಾಗದೆ ಎಲ್ಲರೂ ಓಡಿಹೋಗುವ ಅತಿಥಿ. ಅವನ ಮೈಯಲ್ಲಿ ಚುಚ್ಚಿಕೊಂಡದ್ದನ್ನು ಸೆನ್ ಹಿಡಿದೆಳೆದರೆ ಅದು ಸೈಕಲ್ಲು, ಅದರ ಹಿಂದೆ ರಾಶಿ ರಾಶಿ ಕಸ. ಅವನು ನಿಜಕ್ಕೂ ಒಂದು ನದಿಯ ದೇವರು. ಮಿಯಾಜಾಕಿ ತಮ್ಮ ಮನೆ ಹತ್ತಿರದ ಹೊಳೆ ಸ್ವಚ್ಛ ಮಾಡಲು ಇಳಿದಾಗ ಸೈಕಲ್ ಎಳೆದು ತೆಗೆದದ್ದೇ ಈ ದೃಶ್ಯಕ್ಕೆ ಮೂಲ. ಕಸವೆಲ್ಲ ಹೋದ ಮೇಲೆ ಆ ದೇವರು ಹಳೇ ಕಾಲದ ಜಪಾನಿಯಲ್ಲಿ ಒಂದೇ ಮಾತು ಹೇಳುತ್ತಾನೆ, ‘ಯೊಕಿಕನಾ’. ‘ಚೆನ್ನಾಗಿದೆ’ ಅಂತ ಬರೆದರೆ ಹೋಟೆಲಿನಲ್ಲಿ ಸಾಂಬಾರಿಗೆ ಹೇಳಿದ ಹಾಗಾಗುತ್ತದೆ. ‘ಲೇಸಾಯಿತು’ ಅಂತ ಹಾಕಿದೆ. ಅಮ್ಮ ಓದಿ ತಲೆದೂಗಿದರು.

ರೈಲಿನ ಭಾಗಕ್ಕೆ ಕೆಲಸವೇ ಇರಲಿಲ್ಲ. ನೀರಿನ ಮೇಲೆ ರೈಲು ಹೋಗುತ್ತದೆ, ಮುಖವಿಲ್ಲದ ಕಾವೊನಾಶಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾನೆ, ನೆರಳಿನಂಥ ಜನ ಇಳಿಯುತ್ತಾರೆ, ಸಂಜೆಯಾಗುತ್ತದೆ. ವಿಮರ್ಶಕ ರೋಜರ್ ಎಬರ್ಟ್ ಜೊತೆ 2002ರಲ್ಲಿ ಮಾತಾಡುವಾಗ ಮಿಯಾಜಾಕಿ ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಗಳ ನಡುವಿನ ಬಿಡುವಿಗೆ ‘ಮಾ’ ಅನ್ನುತ್ತೇವೆ ಅಂದಿದ್ದರು. ಹಾಸ್ಟೆಲಿನಲ್ಲಿ ನಾವು ಈ ಭಾಗವನ್ನೇ ಓಡಿಸಿಬಿಟ್ಟಿದ್ದೆವು. ಈ ಸಲ ಪುಟ್ಟಿ ನನ್ನ ತೋಳಿಗೆ ಒರಗಿ ಕೂತು, ಒಂದು ಪ್ರಶ್ನೆಯನ್ನೂ ಕೇಳದೆ ಪೂರ್ತಿ ನೋಡಿದಳು.

ಈ ವಾರ

ಎಲ್ಲ ಸಾಲುಗಳೂ ಒಂದು ಸುತ್ತು ಆಗಿವೆ, ಸಾವಿರಕ್ಕೂ ಜಾಸ್ತಿ. 125 ನಿಮಿಷದಲ್ಲಿ ಮೊದಲ 90 ನಿಮಿಷ ಪುಟ್ಟಿಯ ವೇಗಕ್ಕೆ ಹೊಂದಿಸಿದ್ದೇನೆ. ಹಕು ತನ್ನ ನಿಜವಾದ ಹೆಸರು ನೆನಪಿಸಿಕೊಳ್ಳುವ ಜಾಗದಲ್ಲಿ ನಿಂತಿದ್ದೇನೆ. ಅವನು ಕೊಹಾಕು ಅನ್ನುವ ಹೊಳೆ. ಅಪಾರ್ಟ್‌ಮೆಂಟ್ ಕಟ್ಟಲು ಆ ಹೊಳೆಯನ್ನೇ ಮುಚ್ಚಿದ್ದಾರೆ, ಹಾಗಾಗಿ ಅವನಿಗೆ ಮರಳಿ ಹೋಗಲು ಮನೆಯಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ನಾಡಿನವಳಾಗಿ ಆ ಸಾಲು ಬರೆಯುವಾಗ ಕೈ ನಿಧಾನವಾಗುತ್ತದೆ. ನಾಲ್ಕು ಸಲ ಬರೆದಿದ್ದೇನೆ, ನಾಲ್ಕನ್ನೂ ಅಳಿಸಿದ್ದೇನೆ. ಅವನ ಪೂರ್ತಿ ಹೆಸರು ನಿಗಿಹಾಯಾಮಿ ಕೊಹಾಕುನುಶಿ. ಒಂದೇ ಸಾಲಿನಲ್ಲಿ, ಮುರಿಯದೆ ಬರಬೇಕು.

ದೀಪಾವಳಿಗೆ ಅಕ್ಕ, ಭಾವ, ಪುಟ್ಟಿ ಎಲ್ಲ ಬರುತ್ತಾರೆ. ನೀರು ತುಂಬುವ ಹಬ್ಬದ ರಾತ್ರಿ, ಹಂಡೆ ತೊಳೆದು ಸುಣ್ಣ ಕೆಮ್ಮಣ್ಣು ಬಳಿದ ಮೇಲೆ, ಎಲ್ಲರೂ ಕೂತು ನೋಡುವುದು ಅಂತ ಆಗಿದೆ. ಕೊನೆಯ ಹಾಡು ಇನ್ನೂ ಮುಟ್ಟಿಲ್ಲ.